ಗೋಡೆ ದಾಟಿದ ಹೀರೆಬಳ್ಳಿ

ಹೀರೆಬಳ್ಳಿಗೆ ನಾಚಿಕೆ ಎಂಬುದಿಲ್ಲ ಎಂದು ನನಗೆ ಗೊತ್ತಾದದ್ದು ಈ ವರ್ಷದ ಆಷಾಢದಲ್ಲಿ. ಬೀಜ ಊರಿದವಳು ನಾನು. ಪಾತಿ ಮಾಡಿ, ಒಲೆಯ ಬೂದಿ ಚೆಲ್ಲಿ, ಅಕ್ಕಿ ತೊಳೆದ ನೀರನ್ನು ತುಳುಕದ ಹಾಗೆ ಹಿತ್ತಲಿಗೆ ಒಯ್ದು ಹಾಕಿದವಳು ನಾನು. ಹೂವು ಮಾತ್ರ ಅದು ಪಕ್ಕದ ಮನೆಯ ವಿದ್ಯಾವತಿಯ ಹಿತ್ತಲಲ್ಲಿ ಬಿಟ್ಟಿತು.

ನಮ್ಮ ಎರಡೂ ಹಿತ್ತಲುಗಳ ನಡುವೆ ಎದೆಯೆತ್ತರದ ಒಂದು ಗೋಡೆ ಇದೆ. ಸಿಂದಗಿಯಲ್ಲಿ ನಾವು ಈ ಮನೆ ಕಟ್ಟಿಸಿದಾಗ ಪಕ್ಕದಲ್ಲಿ ಬರೀ ಬಯಲಿತ್ತು. ಮೂರು ವರ್ಷದ ಹಿಂದೆ ರೇವಪ್ಪ ಅಲ್ಲಿ ಮನೆ ಕಟ್ಟಿಸಿ ಹೆಂಡತಿಯನ್ನು ಕರೆದುಕೊಂಡು ಬಂದ. ಅವನು ಬಸ್ಸಿನ ಡ್ರೈವರ್. ಒಂದು ದಿನ ಇಂಡಿ, ಒಂದು ದಿನ ಮುದ್ದೇಬಿಹಾಳ ಎಂದು ಓಡಾಡುತ್ತಾನೆ, ಮನೆಯಲ್ಲಿರುವುದು ಕಡಿಮೆ. ಹೆಂಡತಿ ವಿದ್ಯಾವತಿ ಕೃಷ್ಣಾ ದಂಡೆಯ ತಂಗಡಗಿಯವಳು. ಮೂವತ್ತೆಂಟೋ ನಲವತ್ತೋ ಇರಬೇಕು. ಮನೆಯಲ್ಲೇ ಮಷೀನು ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿದು ಕೊಡುತ್ತಾಳೆ.

ಅವಳ ಮೇಲೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಏನು ಉಪಯೋಗ? ಅವಳ ರೂಪದ ಮೇಲಲ್ಲ, ಬಂಗಾರದ ಮೇಲಲ್ಲ, ಅವಳ ಕೈಯ ಮೇಲೆ. ಜಂಪರಿನಲ್ಲಿ ಉಳಿದ ಚಿಂದಿಗಳನ್ನು ಕೂಡಿಸಿ ಕೌದಿ ಹೊಲಿದು ಮನೆಯ ಮುಂದೆ ಒಣಹಾಕಿದಳೆಂದರೆ ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅವಳ ಹಪ್ಪಳ ಅಂಚು ಒಡೆಯುವುದಿಲ್ಲ. ಅವಳ ಶಾವಿಗೆ ಕೂದಲಿನಷ್ಟು ಸಣ್ಣ. ಇದನ್ನೆಲ್ಲ ನನಗೆ ಹೇಳುವುದಕ್ಕೆಂದೇ ಜನ ನಮ್ಮ ಮನೆಗೆ ಬರುತ್ತಿದ್ದರೋ ಏನೋ.

ಹಾಗೆಂದು ನನ್ನ ಕೈ ಏನೂ ಬಿಟ್ಟಿ ಬಿದ್ದದ್ದಲ್ಲ. ನಾನು ಮಾಡಿದ ಗೆಜ್ಜೆವಸ್ತ್ರ, ದೇವರಿಗೆ ಏರಿಸುವ ಹತ್ತಿಯ ಹಾರ, ಒಂದೇ ಒಂದು ಗಂಟೂ ಇಲ್ಲದೆ ಇಪ್ಪತ್ತೊಂದು ಎಳೆ ಇಳಿಯುತ್ತದೆ. ಮಠದ ಆಚಾರ್ಯರೇ ಕೇಳಿ ಒಯ್ಯುತ್ತಾರೆ. ಆದರೆ ಗೆಜ್ಜೆವಸ್ತ್ರವನ್ನು ನೋಡಲು ಹಾದಿಯಲ್ಲಿ ಯಾರು ನಿಲ್ಲುತ್ತಾರೆ? ಅದನ್ನು ನೋಡುವವನು ದೇವರೊಬ್ಬನೇ. ಅವನು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಒಂದೇ ಒಂದು ಸಲ, ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಹತ್ತಿ ಹಿಂಜುವಾಗ, ವಿದ್ಯಾವತಿ ಗೋಡೆಗೆ ಗದ್ದ ಊರಿ ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಏನು ನೋಡುತ್ತಾಳೆ ಇವಳು ಎಂದು ನಾನು ತಿರುಗಿ ಕೂತೆ.

ಇನ್ನು ಹೀರೆಯ ವಿಷಯ. ಅದು ಪೇಟೆಯಲ್ಲಿ ಸಿಗುವ ಹೀರೆ ಅಲ್ಲ. ಗೇಣುದ್ದದ ಗಿಡ್ಡ ಕಾಯಿ, ಉಗುರು ತಾಕಿದರೆ ನೀರು ಒಸರುವಷ್ಟು ಎಳಸು, ಸಿಪ್ಪೆಯ ಚಟ್ನಿಯನ್ನು ತಿಂದವರು ಬೆರಳು ನೆಕ್ಕದೆ ಏಳುತ್ತಿರಲಿಲ್ಲ. ಅದರ ಬೀಜವನ್ನು ನಮ್ಮ ಅತ್ತೆ ತಮ್ಮ ತವರು ಸಾಲೋಟಗಿಯಿಂದ ಮದುವೆಯಾಗಿ ಬರುವಾಗ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದಿದ್ದರಂತೆ. ವರ್ಷವೂ ಒಂದು ಕಾಯಿಯನ್ನು ಬಳ್ಳಿಯ ಮೇಲೆಯೇ ಒಣಗಲು ಬಿಡುವುದು, ಒಣಗಿದ ಮೇಲೆ ಬೀಜ ತೆಗೆದು ಬೂದಿಯಲ್ಲಿ ಹೊರಳಿಸಿ ಹಳೆಯ ಪಂಚೆಯ ಚೂರಿನಲ್ಲಿ ಕಟ್ಟಿಡುವುದು, ಮುಂದಿನ ವರ್ಷ ಮತ್ತೆ ಊರುವುದು. ಹಾಸಿಗೆ ಹಿಡಿದಾಗ ಅವರು ಆ ಗಂಟನ್ನು ನನ್ನ ಕೈಗೆ ಕೊಟ್ಟು, “ಅಂಬೂ, ಬೀಜ ಮನಿ ದಾಟಬಾರದು,” ಎಂದಿದ್ದರು. ಬಂಗಾರದ ಬಗ್ಗೆ ಅವರು ನನಗೆ ಒಂದು ಮಾತೂ ಹೇಳಿರಲಿಲ್ಲ. ಬಂಗಾರ ನೆಗೆಣ್ಣಿಗೆ ಹೋಗಿತ್ತು, ನನಗೆ ಬಂದದ್ದು ಹೀರೆ.

ಹೋದ ವರ್ಷ ಬೀಜದ ಕಾಯಿಯನ್ನು ಅಳಿಲು ಕೊರೆದುಬಿಟ್ಟಿತ್ತು. ಗಂಟಿನಲ್ಲಿ ಉಳಿದಿದ್ದವು ಐದೇ ಬೀಜ. ಮೇ ತಿಂಗಳ ಮೊದಲ ಮಳೆಗೆ ಐದನ್ನೂ ಊರಿದೆ. ಎದ್ದದ್ದು ಒಂದು.

ಅದಕ್ಕೆ ತೊಗರಿಕಟ್ಟಿಗೆಯ ಚಪ್ಪರ ಹಾಕಿಸಿದೆ. ಚಪ್ಪರ ತುಸು ವಾಲಿತ್ತು, ಒಪ್ಪುತ್ತೇನೆ. ನಮ್ಮವರು, ಪ್ರಹ್ಲಾದ ಮಾಸ್ತರು, ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದರೂ ನಾಲ್ಕು ಕಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಲಿಲ್ಲ. ಬಳ್ಳಿ ಮೊಳದುದ್ದ ಏರುವ ಹೊತ್ತಿಗೆ ಗೋಡೆಯ ಆಚೆ ವಿದ್ಯಾವತಿ ಒಂದು ಹೊಸ ಕೆಲಸ ತೆಗೆದಳು. ಹರಿದ ಸೀರೆಗಳನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಮೂರೆಳೆಯಾಗಿ ಹೆಣೆದು, ಹಗ್ಗ ಮಾಡಿ, ಅವಳ ಮನೆಯ ಮೆಟ್ಟಿಲಿನ ಕಂಬಿಯಿಂದ ನಮ್ಮ ಗೋಡೆಯ ತನಕ ಇಳಿಬಿಟ್ಟಳು. ಕೆಂಪು, ಹಸಿರು, ಅರಿಶಿಣ ಬಣ್ಣದ ಏಳು ಹಗ್ಗಗಳು. ಅರಿವೆ ಒಣಹಾಕಲು ಎಂದಳು. ನೋಡಲು ಚೆಂದವೇ ಇದ್ದವು. ಅದೇ ನನ್ನ ಸಂಕಟ.

ಬಳ್ಳಿ ಆ ಹಗ್ಗವನ್ನು ಕಂಡಿತು. ಮುಂಜಾನೆ ನಾನು ಅದರ ತುದಿಯನ್ನು ಮೆಲ್ಲಗೆ ತಿರುಗಿಸಿ ನನ್ನ ಚಪ್ಪರಕ್ಕೆ ಸುತ್ತಿ ಬರುತ್ತಿದ್ದೆ. ಮರುದಿನ ಮುಂಜಾನೆ ನೋಡಿದರೆ ಅದು ಮತ್ತೆ ಗೋಡೆಯ ಕಡೆ ಮುಖ ಮಾಡಿರುತ್ತಿತ್ತು. ಒಂದು ವಾರ ಹೀಗೇ ನಡೆಯಿತು. ನಾನು ತಿರುಗಿಸುವುದು, ಅದು ತಿರುಗಿ ಹೋಗುವುದು. ಎಂಟನೆಯ ದಿನ ಅದು ಗೋಡೆ ದಾಟಿ ಕೆಂಪು ಹಗ್ಗಕ್ಕೆ ಎರಡು ಸುತ್ತು ಸುತ್ತಿಕೊಂಡಿತ್ತು. ಎಳೆದರೆ ಹರಿಯುತ್ತದೆ ಎಂದು ಸುಮ್ಮನೆ ಬಿಟ್ಟೆ.

ಕಾಯಿ ಬಿಡುವ ಹೊತ್ತಿಗೆ ಆಷಾಢದ ಏಕಾದಶಿ ಬಂತು, ನಮ್ಮ ಶಾಕವ್ರತ ಶುರುವಾಯಿತು. ಚಾತುರ್ಮಾಸದ ಈ ಮೊದಲ ತಿಂಗಳು ನಮ್ಮಲ್ಲಿ ಕಾಯಿಪಲ್ಯೆ ಇಲ್ಲ, ಮೆಣಸಿನಕಾಯಿ ಇಲ್ಲ, ಹುಣಸೆ ಇಲ್ಲ. ಹೆಸರುಬೇಳೆಯ ತೊವ್ವೆ, ಕಾಳುಮೆಣಸಿನ ಸಾರು, ಮೊಸರು, ಮೇಲೊಂದಿಷ್ಟು ಮಾವಿನಕಾಯಿ. ತಿಂಗಳು ಮುಗಿದ ದ್ವಾದಶಿಯ ದಿನ ಮೊದಲು ಆಚಾರ್ಯರಿಗೆ ಕಾಯಿಪಲ್ಯೆಯ ದಾನ ಕೊಟ್ಟು, ಆಮೇಲೆ ನಾವು ತಿನ್ನುವುದು. ನಮ್ಮ ಮನೆಯ ದಾನದ ಮೊರದಲ್ಲಿ ಪ್ರತಿ ವರ್ಷ ಎಲ್ಲಕ್ಕಿಂತ ಮೇಲೆ ಇರುತ್ತಿದ್ದದ್ದು ಈ ಹೀರೆಕಾಯಿ.

ವ್ರತದ ಮೂರನೆಯ ದಿನ ಗೋಡೆಯ ಮೇಲೆ ವಿದ್ಯಾವತಿಯ ಮುಖ ಕಂಡಿತು.

“ವೈನಿ, ಕಾಯಿ ಭಾಳ ಆಗ್ಯಾವ್ರಿ ಈ ಕಡಿ. ಹರದು ಕೊಡ್ಲ್ಯಾ?”

“ನಮಗ ಈಗ ನಡಿಯೂದಿಲ್ಲ. ನೀ ಹರಕೊ.”

“ಬಳ್ಳಿ ನಿಮ್ದು. ನಾ ಹ್ಯಾಂಗ ತಿನ್ನೂದ್ರಿ?”

“ಹರಕೊ ಅಂದ್ನೆಲ್ಲ. ಬಲಿತು ಹಾಳಾಗೂಕಿಂತ ಯಾರರೆ ತಿನ್ಲಿ.”

ಹೇಳುವಾಗ ದೊಡ್ಡ ಮನಸ್ಸಿನವಳ ಹಾಗೆ ಹೇಳಿದೆ. ಒಂದು ಕಾಯಿಯನ್ನು ಬೀಜಕ್ಕೆ ಬಿಡು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ವ್ರತ ಹಿಡಿದವಳು ಕಾಯಿಯ ಮೇಲೆ ಜೀವ ಇಟ್ಟಿದ್ದಾಳೆ ಎಂದು ಅವಳಿಗೆ ಅನ್ನಿಸಬಾರದಲ್ಲ. ಅದೂ ಅಲ್ಲದೆ, ವ್ರತ ಮುಗಿಯಲಿ, ಶ್ರಾವಣದಲ್ಲಿ ಬೇಕಾದಷ್ಟು ಕಾಯಿ ಬರುತ್ತವೆ, ಆಗ ನಾನೇ ಒಂದನ್ನು ಬಿಟ್ಟರಾಯಿತು ಎಂದುಕೊಂಡೆ.

ಅಂದಿನಿಂದ ನನ್ನ ಮೂಗಿಗೆ ಶಿಕ್ಷೆ ಶುರುವಾಯಿತು. ಹನ್ನೊಂದು ಗಂಟೆಗೆ ಸರಿಯಾಗಿ ಗೋಡೆಯಾಚೆಯಿಂದ ಒಗ್ಗರಣೆಯ ಸದ್ದು, ಹಿಂದೆಯೇ ಹೀರೆಕಾಯಿ ಬಾಡುವ ಘಮ, ಅದರ ಮೇಲೆ ಹುರಿದ ಗುರೆಳ್ಳಿನ ಪುಡಿ. ಈ ಕಡೆ ನಾನು ತೊವ್ವೆ ತಿರುವುತ್ತ ನಿಂತಿರುತ್ತಿದ್ದೆ. ವ್ರತ ನನಗೆ ಯಾವತ್ತೂ ಭಾರ ಎನಿಸಿದ್ದಿಲ್ಲ. ಈ ವರ್ಷ ಅನಿಸಿತು. ಹಸಿವಿನಿಂದಲ್ಲ, ನನ್ನದನ್ನು ಇನ್ನೊಬ್ಬಳು ನನಗಿಂತ ಚೆನ್ನಾಗಿ ಮಾಡುತ್ತಿದ್ದಾಳೆ ಎಂಬ ಉರಿಯಿಂದ.

ಓಣಿಯ ತುದಿಯ ಮನೆಯ ಗುಲನಾಜ ಒಂದು ದಿನ ಹತ್ತಿ ಕೊಡಲು ಬಂದವಳು ಹಿತ್ತಲಿಗೆ ಇಣುಕಿ ನೋಡಿ, “ಇದ ಏನ್ರಿ ಬಾಯಾರ, ವಿದ್ಯಕ್ಕನ ಹೀರಿಬಳ್ಳಿ? ಮೊನ್ನಿ ಪಲ್ಯಾ ಕೊಟ್ಟಿದ್ಳು. ಬೆಣ್ಣಿ ಇದ್ದಂಗ ಇತ್ತು ನೋಡ್ರಿ,” ಎಂದಳು.

ವಿದ್ಯಕ್ಕನ ಹೀರೆಬಳ್ಳಿ. ಬೇರು ನನ್ನ ಮಣ್ಣಿನಲ್ಲಿ, ಹೆಸರು ಅವಳದು. ಗುಲನಾಜಳನ್ನು ಹತ್ತಿ ಒದ್ದೆಯಾಗಿದೆ ಎಂದು ಸುಮ್ಮಸುಮ್ಮನೆ ಬೈದು ಕಳಿಸಿದೆ. ಹತ್ತಿ ಒದ್ದೆಯಾಗಿರಲಿಲ್ಲ.

ಇಷ್ಟರಲ್ಲೇ ಮುಗಿದಿದ್ದರೂ ನಾನು ಸಹಿಸುತ್ತಿದ್ದೆನೇನೋ. ಆದರೆ ವ್ರತದ ಹತ್ತೊಂಬತ್ತನೆಯ ದಿನ, ಮಧ್ಯಾಹ್ನದ ಊಟಕ್ಕೆ ಕೂತ ನಮ್ಮವರು ಅನ್ನವನ್ನು ಎರಡು ತುತ್ತು ತಿಂದು ಸಾಕು ಎಂದರು. ಅವರು ಸಾಕು ಎನ್ನುವವರಲ್ಲ. ಮಜ್ಜಿಗೆ ಬಡಿಸಲು ಬಗ್ಗಿದೆ. ಬಾಯಿಂದ ಬೆಳ್ಳುಳ್ಳಿಯ ವಾಸನೆ ಬಂತು. ನಮ್ಮ ಮನೆಯೊಳಗೆ ಬೆಳ್ಳುಳ್ಳಿ ಇವತ್ತಿನ ತನಕ ಕಾಲಿಟ್ಟಿಲ್ಲ.

“ಎಲ್ಲಿ ಹೋಗಿದ್ರಿ ಮುಂಜಾನೆ?” ಎಂದೆ.

“ಎಲ್ಲಿಲ್ಲ. ಇಲ್ಲೇ. ರೇವಪ್ಪ ಮನ್ಯಾಗ ಇದ್ದ, ಪೇಪರ್ ಓದ್ಕೋತ ಕೂತಿದ್ದೆ.”

“ಪೇಪರ್ ಬೆಳ್ಳುಳ್ಳಿ ಹಾಕಿ ಅಚ್ಚು ಹಾಕ್ಲಿಕತ್ತಾರೇನು ಈಗ?”

ಅವರು ಎಲೆಯ ಮೇಲಿನ ಅಗುಳುಗಳನ್ನು ಲೆಕ್ಕ ಮಾಡುವವರ ಹಾಗೆ ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ, “ಆಕಿ ರೊಟ್ಟಿ ಬಡೀಲಿಕತ್ತಿದ್ಳು. ಬಿಸಿ ಬಿಸಿ ಇತ್ತು. ಹೀರಿಕಾಯಿ ನಮ್ಮದ ಅಲ್ಲೇನು, ಅದರಾಗ ಏನು ದೋಷ ಅಂತ…” ಎಂದರು.

“ಎಷ್ಟು ದಿನದಿಂದ ನಡದದ?”

“ದಿನಾ ಇಲ್ಲ.”

ದಿನಾ ಇಲ್ಲ ಎಂದರೆ ಬಹಳ ದಿನ ಎಂದೇ ಅರ್ಥ. ನನಗೆ ಮೈಯೆಲ್ಲ ಉರಿದುಹೋಯಿತು. ವ್ರತ ಮುರಿದದ್ದಕ್ಕೆ ಉರಿದೆ ಎಂದರೆ ಅದು ನನ್ನ ಮರ್ಯಾದೆಗೆ ಒಪ್ಪುವ ಕಾರಣ. ನಿಜವಾದ ಕಾರಣ ಬೇರೆ. ನಲವತ್ತೊಂದು ವರ್ಷ ನಾನು ಮಾಡಿದ ಹೀರೆಕಾಯಿ ಪಲ್ಯೆಯನ್ನು ತಿಂದವರು ಒಂದು ದಿನವೂ ‘ಇನ್ನಷ್ಟು ಹಾಕು’ ಎಂದು ಕೇಳಿರಲಿಲ್ಲ. ನಾನು ಹಾಕುತ್ತಿದ್ದೆ, ಅವರು ತಿನ್ನುತ್ತಿದ್ದರು. ಈಗ ಅದೇ ಕಾಯಿಗೋಸ್ಕರ ಅರವತ್ತೇಳನೆಯ ವಯಸ್ಸಿನಲ್ಲಿ ಕಳ್ಳನ ಹಾಗೆ ಪಕ್ಕದ ಮನೆಗೆ ಹೋಗಿ ಕೂತಿದ್ದರು.

“ರುಚಿ ಇತ್ತೇನು?” ಎಂದು ಕೇಳಿದೆ. ಕೇಳಬಾರದಿತ್ತು.

ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. “ಇತ್ತು,” ಎಂದರು.

ಮೂರು ಗಂಟೆಗೆ ಓಣಿಯೆಲ್ಲ ಮಲಗಿತ್ತು. ಗೆಜ್ಜೆವಸ್ತ್ರದ ಎಳೆ ಕತ್ತರಿಸುವ ನನ್ನ ಸಣ್ಣ ಕತ್ತರಿಯನ್ನು ತೆಗೆದುಕೊಂಡು ಹಿತ್ತಲಿಗೆ ಹೋದೆ. ಬಳ್ಳಿಯ ಕಾಂಡ ಬುಡದಲ್ಲಿ ಹೆಬ್ಬೆರಳಿನಷ್ಟು ದಪ್ಪವಾಗಿತ್ತು. ಒಂದೇ ಸಲಕ್ಕೆ ತುಂಡಾಗಲಿಲ್ಲ, ನಾಲ್ಕು ಸಲ ಒತ್ತಬೇಕಾಯಿತು. ತುಂಡಾದಾಗ ನೀರು ತೊಟ್ಟಿಕ್ಕಿತು. ಅದರ ಮೇಲೆ ಮಣ್ಣು ಎಳೆದು, ಕತ್ತರಿ ತೊಳೆದು, ಒಳಗೆ ಬಂದು ಹತ್ತಿ ಹಿಂಜಲು ಕೂತೆ. ಮನಸ್ಸಿಗೆ ಎಷ್ಟು ಹಗುರವಾಯಿತೆಂದರೆ ಒಂದು ಹಾಡನ್ನೂ ಗುನುಗಿದೆ.

ಹೀರೆಹೂವು ಅರಳುವುದು ಸಂಜೆ. ಐದೂವರೆಗೆ ತುಳಸಿಗೆ ನೀರು ಹಾಕಲು ಹೊರಗೆ ಬಂದರೆ ಗೋಡೆಯ ಮೇಲೆ, ಹಗ್ಗಗಳ ಉದ್ದಕ್ಕೂ, ಹಳದಿ ಹೂಗಳು ಬಿರಿದಿದ್ದವು. ಬುಡ ಕತ್ತರಿಸಿರುವುದು ಅವಕ್ಕೆ ಇನ್ನೂ ಗೊತ್ತಾಗಿರಲಿಲ್ಲ. ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು. ಆಗಲೇ ನನಗೆ ಬೀಜದ ನೆನಪಾದದ್ದು.

ಒಳಗೆ ಓಡಿ ಹಳೆಯ ಪಂಚೆಯ ಗಂಟನ್ನು ಬಿಚ್ಚಿದೆ. ಬೂದಿ ಇತ್ತು. ಬೂದಿಯಲ್ಲಿ ಬೆರಳಾಡಿಸಿದೆ, ತಾಟಿನಲ್ಲಿ ಹಾಕಿ ಕೇರಿದೆ. ಒಂದೂ ಇರಲಿಲ್ಲ. ಅತ್ತೆಯ ಕಾಲದಿಂದ, ಅವರ ತಾಯಿಯ ಕಾಲದಿಂದ ಬಂದದ್ದನ್ನು ಒಂದು ಮಧ್ಯಾಹ್ನ ನಾಲ್ಕು ಸಲ ಕತ್ತರಿ ಒತ್ತಿ ನಾನು ಮುಗಿಸಿದ್ದೆ. ಅವತ್ತು ಸಾಯಂಕಾಲ ದೇವರ ದೀಪ ಹಚ್ಚುವಾಗ ಅತ್ತೆಯ ಫೋಟೋದ ಕಡೆ ನೋಡಲು ಧೈರ್ಯವಾಗಲಿಲ್ಲ.

ಮರುದಿನ ಎಲೆಗಳು ಜೋತುಬಿದ್ದವು.

“ವೈನಿ, ಬಳ್ಳಿ ಯಾಕೋ ಬಾಡಾಕತ್ತೈತ್ರಿ,” ಎಂದಳು ವಿದ್ಯಾವತಿ, ಗೋಡೆಯ ಆಚೆಯಿಂದ.

“ಹೆಗ್ಗಣ ಕಡದಿರಬೇಕು,” ಎಂದೆ.

ಅವಳು ಗೋಡೆಯ ಮೇಲಿಂದ ಬಗ್ಗಿ ಬುಡದ ಕಡೆ ನೋಡಿದಳು. ನಾನು ಎಳೆದಿದ್ದ ಮಣ್ಣು ಇನ್ನೂ ಹಸಿಯಾಗಿತ್ತು. “ಇರಬೇಕ್ರಿ,” ಎಂದು ಒಳಗೆ ಹೋದಳು. ಅಂದಿನಿಂದ ಹನ್ನೊಂದು ಗಂಟೆಗೆ ಒಗ್ಗರಣೆಯ ಸದ್ದು ಬಂದರೂ ಹೀರೆಯ ಘಮ ಬರಲಿಲ್ಲ. ನನಗೆ ಸಂತೋಷವಾಗಬೇಕಿತ್ತು.

ಆ ಹತ್ತು ದಿನ ನಾನು ಏನೇನು ಮಾಡಿದೆನೆಂದು ಹೇಳಿದರೆ ನೀವು ನಗುತ್ತೀರಿ. ಬತ್ತಿಹೋದ ಬಳ್ಳಿಯನ್ನು ನನ್ನ ಕಡೆಯಿಂದ ಎಲೆ ಎಲೆ ಸರಿಸಿ ಹುಡುಕಿದೆ, ಒಂದು ಬಲಿತ ಕಾಯಿ ಎಲ್ಲಾದರೂ ಉಳಿದಿದೆಯೇ ಎಂದು. ಕಿರುಬೆರಳಿನಷ್ಟು ಎರಡು ಹೀಚು ಸಿಕ್ಕವು. ಒಡೆದು ನೋಡಿದರೆ ಒಳಗೆ ಬಿಳಿಯ ಸಿಪ್ಪೆ ಮಾತ್ರ. ಗೋಡೆಯಾಚೆ ಇಣುಕಿದೆ, ಅವಳ ಮೆಟ್ಟಿಲಿನ ಹಿಂದೆ ಏನಿದೆಯೋ ಕಾಣುತ್ತಿರಲಿಲ್ಲ. ಹೋಗಿ ಕೇಳೋಣವೆಂದು ಎರಡು ಸಲ ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋದೆ. ಕೇಳಿದರೆ, ಬಳ್ಳಿ ಕೊಯ್ದವಳು ಬೀಜ ಕೇಳಲು ಬಂದಳು ಎಂದಾಗುತ್ತದೆ. ತಿರುಗಿ ಬಂದೆ.

ಕೊನೆಗೆ ನಮ್ಮವರಿಗೆ, “ಬೀಜದ ಅಂಗಡ್ಯಾಗ ಹೀರಿ ಬೀಜ ಸಿಗ್ತಾವೇನು, ಗಿಡ್ಡ ಜಾತೀವು?” ಎಂದು ಕೇಳಿದೆ.

“ಯಾಕ, ಮನ್ಯಾಗ ಇಲ್ಲೇನು?”

“ಇಲ್ಲ.”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಎದ್ದು ಹೊರಗೆ ಹೋದರು. ನಾನು ಅಂಗಡಿಗೆ ಹೋದರೆಂದುಕೊಂಡೆ. ಬರಿಗೈಯಲ್ಲಿ ಬಂದರು.

ದ್ವಾದಶಿಯ ದಿನ ಬೆಳಿಗ್ಗೆ ದಾನದ ಮೊರ ಸಿದ್ಧ ಮಾಡುತ್ತಿದ್ದೆ. ನಮ್ಮವರು ಸಂತೆಯಿಂದ ಬದನೆ, ಬೆಂಡೆ, ಸೌತೆ, ಚವಳಿ, ಮೊಳದುದ್ದದ ನಾಲ್ಕು ಹೀರೆಕಾಯಿ ತಂದಿದ್ದರು. ಆ ಹೀರೆಕಾಯಿಗಳನ್ನು ಮೇಲಿಡಲು ಮನಸ್ಸು ಬಾರದೆ ಸೌತೆಯ ಕೆಳಗೆ ಸೇರಿಸಿದೆ. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಬಳೆಯ ಸದ್ದಾಯಿತು.

ವಿದ್ಯಾವತಿ ಹೊಸ್ತಿಲ ಆಚೆಯೇ ನಿಂತಿದ್ದಳು, ನಮ್ಮ ಮಡಿಯ ಹೊತ್ತು ಅವಳಿಗೆ ಗೊತ್ತು. ಕೈಯಲ್ಲಿ ಹಳೆಯ ಜಂಪರಿನ ಅರಿವೆಯಿಂದ ಹೊಲಿದ ಒಂದು ಉದ್ದನೆಯ ಚೀಲವಿತ್ತು. ಅದನ್ನು ಕಟ್ಟೆಯ ಮೇಲಿಟ್ಟು ಬಾಯಿ ಬಿಚ್ಚಿದಳು. ಒಳಗೆ ಒಂದು ಹೀರೆಕಾಯಿ, ಪೂರ್ತಿ ಒಣಗಿ ಕಂದುಬಣ್ಣಕ್ಕೆ ತಿರುಗಿದ್ದು. ಅವಳು ಎತ್ತಿ ಅಲ್ಲಾಡಿಸಿದಳು. ಒಳಗೆ ಬೀಜಗಳು ಗಲಗಲ ಎಂದವು.

ಮೊರವನ್ನು ಬಿಟ್ಟು ಎದ್ದು ಬಂದೆ. ಆದರೆ ಬಾಯಿಂದ ಬಂದದ್ದು, “ಎಲ್ಲಿತ್ತಿದು?” ಎಂಬ ಗಡಸು ಮಾತು.

“ಮೆಟ್ಟಿಲ ಹಿಂದ ಇತ್ರಿ. ಮೊದಲ್ನೇ ಕಾಯಿ. ಅಳಿಲು ಮುಟ್ಟಬಾರ್ದಂತ ಅಂಗಿ ಹೊಲದು ಹಾಕಿದ್ದೆ.”

“ನನಗಂತ ಬಿಟ್ಟಿದ್ದೇನು?”

“ಇಲ್ರಿ,” ಎಂದಳು. “ನನಗಂತ ಬಿಟ್ಟಿದ್ದೆ. ನಿಮಗ ಹೇಳ್ದ ಇಟ್ಕೋಬೇಕಂತ ಇದ್ದೆ. ಮೊನ್ನಿ ಮಾಸ್ತರು ಬಂದು, ಮನ್ಯಾಗ ಒಂದೂ ಬೀಜ ಇಲ್ಲ, ಆಕಿ ಎರಡ ದಿನ ಆತು ಸರಿಯಾಗಿ ಉಂಡಿಲ್ಲ ಅಂದ್ರು. ಅದಕ್ಕ ತಂದೇನ್ರಿ.”

ಇಷ್ಟು ನೇರವಾಗಿ ಹೇಳಿದವಳ ಎದುರು ನಾನು ಹೆಗ್ಗಣದ ಕಥೆಯನ್ನು ಹಿಡಿದುಕೊಂಡು ನಿಲ್ಲುವುದು ಹೇಗೆ? “ಬಳ್ಳಿ ಕೊಯ್ದಾಕಿ ನಾನು,” ಎಂದೆ.

“ಗೊತ್ತೈತ್ರಿ. ಹೆಗ್ಗಣ ಕಡದ ಮ್ಯಾಲೆ ಮಣ್ಣ ಮುಚ್ಚೂದಿಲ್ಲ.”

“ಮತ್ತ ಅವತ್ತ ಯಾಕ ಕೇಳ್ಲಿಲ್ಲ?”

“ಕೇಳಿದ್ರ ನೀವು ನಾನಲ್ಲ ಅಂತಿದ್ರಿ. ಒಮ್ಮಿ ಹಂಗ ಅಂದ್ರ ಆಮ್ಯಾಲೆ ನನ್ನ ಮಾರಿ ನೋಡ್ತಿದ್ದಿಲ್ಲ ನೀವು. ಅದಲ್ದ, ಕೇಳಾಕ ನನಗ ಬಾಯಿ ಎಲ್ಲೈತ್ರಿ? ನಾನೂ ಕಳ್ಳೀನ ಅದೇನಿ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು. ಆ ಏಳು ಹಗ್ಗ ಅರಿವೆ ಒಣಹಾಕಲು ಕಟ್ಟಿದ್ದಲ್ಲವಂತೆ. ಬಳ್ಳಿ ಏಳುವುದನ್ನು ಕಂಡ ಮೇಲೆಯೇ ಅವಳು ಹೆಣೆಯಲು ಕೂತದ್ದು. ದಿನಾ ಸಂಜೆ, ನಾನು ದೇವರ ಮುಂದೆ ಕೂತ ಹೊತ್ತು ನೋಡಿ, ಅರಿವೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು, ಗೋಡೆಯ ಮೇಲಿಂದ ಕೈ ಚಾಚಿ ನನ್ನ ಬಳ್ಳಿಯ ತುದಿಯನ್ನು ತನ್ನ ಕಡೆ ತಿರುಗಿಸುತ್ತಿದ್ದಳಂತೆ.

“ಮೂರ ವರ್ಷ ಆತ್ರಿ ಈ ಮನಿಗಿ ಬಂದು. ಹೀರಿ ಹಚ್ಚಿದೆ, ಅವರಿ ಹಚ್ಚಿದೆ, ಕುಂಬಳ ಹಚ್ಚಿದೆ. ಒಂದೂ ಮ್ಯಾಲೆ ಬರ್ಲಿಲ್ಲ. ನಮ್ಮತ್ತಿ ಬೀಜ ಎಲ್ಲಾ ಹಿರೀ ಸೊಸಿಗಿ ಕೊಟ್ರು, ನನಗ ಒಂದು ಕಾಳು ಕೊಡ್ಲಿಲ್ಲ. ನಿಮ್ಮ ಹಿತ್ತಲಾಗ ಉಗುಳಿದ್ರೂ ಏಳ್ತೈತಿ. ಆ ಹತ್ತಿ ಹಾರ ಮಾಡ್ತೀರಲ್ಲ, ಅದನ್ನ ನೋಡಿ ನಾನೂ ಮನ್ಯಾಗ ಮಾಡಾಕ ಕೂತಿದ್ದೆ. ಹರದು ಹರದು ಹೋತು. ನಿಮ್ಮನ್ನ ನೋಡಿದ್ರ ನನಗ ಹೊಟ್ಟ್ಯಾಗ ಕಿಚ್ಚ ಬೀಳ್ತಿತ್ರಿ ವೈನಿ.”

ನನಗೆ ಸಿಟ್ಟು ಬರಬೇಕಿತ್ತು. ಬರುತ್ತದೆಂದು ನಾನೂ ಕಾದೆ. ಎದೆಯಲ್ಲಿ ಏನೋ ಎದ್ದಿತು, ಆದರೆ ಅದು ಸಿಟ್ಟಲ್ಲ. ನೆಗೆಣ್ಣಿಯ ಬಂಗಾರ, ಅಕ್ಕನ ವಿಜಯಪುರದ ಮನೆ, ಬಸವನ ಬಾಗೇವಾಡಿಯಲ್ಲಿರುವ ನಾದಿನಿಯ ಹಸನಾದ ಸೊಸೆ, ಈ ವಿದ್ಯಾವತಿಯ ಶಾವಿಗೆ, ಹೀಗೆ ಅರವತ್ತೊಂದು ವರ್ಷ ಇನ್ನೊಬ್ಬರ ಗೋಡೆಯಾಚೆ ಇಣುಕಿ ನೋಡಿದವಳು ನಾನೇ. ನನ್ನ ಕಡೆ ಇಣುಕಲು ಒಬ್ಬಳು ಕಲ್ಲು ಹತ್ತಿ ನಿಲ್ಲುತ್ತಿದ್ದಳು, ಅದೂ ದಿನಾ. ಹೇಳಲು ನಾಚಿಕೆಯಾಗುತ್ತದೆ, ನನಗೆ ಬಹಳ ಸುಖವಾಯಿತು.

“ಯಾಕ ನಿಂತಿ, ಕಟ್ಟಿ ಮ್ಯಾಲೆ ಕೂಡು,” ಎಂದೆ.

ಒಣಗಿದ ಕಾಯಿಯ ತುದಿಯನ್ನು ಮುರಿದು ತಾಟಿನ ಮೇಲೆ ಬೋರಲು ಹಿಡಿದೆ. ಕರಿಯ ಬೀಜಗಳು ಉದುರಿದವು. ಬಳ್ಳಿ ನಡುವೆಯೇ ಸತ್ತದ್ದರಿಂದ ಎಲ್ಲವೂ ತುಂಬಿರಲಿಲ್ಲ. ಹನ್ನೊಂದು ಗಟ್ಟಿ ಬೀಜ, ಏಳೆಂಟು ಚಪ್ಪಟೆ. ಕಾಯಿಯೊಳಗಿನ ನಾರಿನ ಜಾಳಿಗೆಯನ್ನು ಅವಳು ಕೈಗೆ ತೆಗೆದುಕೊಂಡು, “ಇದನ್ನ ನೀರಾಗ ನೆನಸಿ ಅಂಚಿಗೆ ಅರಿವಿ ಹೊಲದ್ರ ಮೈ ತಿಕ್ಕಾಕ ಚಲೋ ಆಗ್ತೈತ್ರಿ, ಮಾಸ್ತರಿಗಿ ಮಾಡಿ ಕೊಡ್ತೇನಿ,” ಎಂದಳು. ಹೊಲಿಯುವ ಮಾತು ಬಂದರೆ ಅವಳಿಗೆ ಬೇರೆಲ್ಲ ಮರೆತುಹೋಗುತ್ತದೆ.

ನಾನು ಬೀಜ ಆರಿಸುತ್ತ ಕೂತೆ. ಬೀಜ ಮನೆ ದಾಟಬಾರದು ಎಂದ ಅತ್ತೆಯ ಮಾತು ಕಿವಿಯಲ್ಲೇ ಇತ್ತು. ಆದರೆ ಅದನ್ನು ಮನೆಯಲ್ಲೇ ಇಟ್ಟುಕೊಂಡ ನಾನು ಏನು ಮಾಡಿದೆ ಎಂಬುದೂ ಕಣ್ಣೆದುರಿಗೇ ಇತ್ತು. ಗೋಡೆ ದಾಟಿದ್ದರಿಂದಲೇ ಅದು ಉಳಿದಿತ್ತು. ನಾಲ್ಕು ಬೀಜಗಳನ್ನು ಎತ್ತಿ ಅವಳ ಅಂಗೈಯಲ್ಲಿ ಹಾಕಿದೆ.

“ಬ್ಯಾಡ್ರಿ ವೈನಿ. ನಿಮ್ಮ ಮನೀ ಬೀಜ.”

“ಹಿಡಿ. ಮುಂದಿನ ವರ್ಷ ನಿನ್ನ ಮಣ್ಣಾಗ ಹಚ್ಚು. ನನ್ನ ಬಳ್ಳಿ ಮುಟ್ಟಬ್ಯಾಡ.”

ಅವಳು ಬೀಜಗಳನ್ನು ನೋಡಿದಳು. ಕಣ್ಣಲ್ಲಿ ನೀರು ಬಂತು. ಸೆರಗಿನ ತುದಿಯಲ್ಲಿ ಹಾಕಿ ಗಂಟು ಕಟ್ಟಿದಳು, ನಮ್ಮ ಅತ್ತೆ ಸಾಲೋಟಗಿಯಿಂದ ತಂದಂತೆಯೇ. ಎದ್ದು ಕಟ್ಟೆಯ ಮೆಟ್ಟಿಲ ತನಕ ಹೋದವಳಿಗೆ ನಾನು ಹಿಂದಿನಿಂದ ಹೇಳಿದೆ.

“ವಿದ್ಯಾ, ನಿನ್ನ ಬಳ್ಳಿ ನಂದಕ್ಕಿಂತ ಚಲೋ ಬಂದ್ರ ನನಗ ಹೇಳಬ್ಯಾಡ.”

“ಹೇಳೂದಿಲ್ರಿ,” ಎಂದಳು ಅವಳು. “ನೀವ ದಿನಾ ನೋಡ್ತಿರ್ತೀರಲ್ಲ.”

ಈ ಮಾತಿಗೆ ನನಗೆ ಮೊದಲು ಮುಖ ಬಿಗಿದು ಬಂತು, ಆಮೇಲೆ ನಗು ಬಂತು. ಅವಳು ಮೆಟ್ಟಿಲು ಇಳಿಯುತ್ತಿದ್ದಳು. ಆಗ ತಾಟಿನಲ್ಲಿ ಉಳಿದ ಬೀಜಗಳ ಮೇಲೆ ನನ್ನ ಕಣ್ಣು ಬಿತ್ತು. ಗಟ್ಟಿ ಬೀಜಗಳು ಹನ್ನೊಂದಕ್ಕೆ ಹನ್ನೊಂದೂ ಅಲ್ಲೇ ಇದ್ದವು. ಅವಳಿಗೆ ಕೊಟ್ಟದ್ದು ನಾಲ್ಕೂ ಚಪ್ಪಟೆಯವು. ಬೇಕೆಂದು ಮಾಡಿದ್ದಲ್ಲ, ಕೈ ತನ್ನಷ್ಟಕ್ಕೆ ತಾನೇ ಆರಿಸಿತ್ತು. ಜಂಪರಿನ ಬಟ್ಟೆಯನ್ನು ಮುಟ್ಟಿಯೇ ಅದು ಎಂಥದೆಂದು ಹೇಳುವವಳು ಅವಳು. ಅಂಗೈಯಲ್ಲಿ ಹಾಕಿದಾಗಲೇ ಅವಳಿಗೆ ಗೊತ್ತಾಗಿರಬೇಕು. ಗೊತ್ತಾಗಿಯೂ ಗಂಟು ಕಟ್ಟಿಕೊಂಡಿದ್ದಳು.

“ವಿದ್ಯಾ, ನಿಲ್ಲು,” ಎಂದು ಕೂಗಿದೆ.

ಅವಳು ತಿರುಗಿ ಬಂದಳು. ಏನೂ ಕೇಳದೆ ಸೆರಗಿನ ಗಂಟನ್ನು ಬಿಚ್ಚಿ ಅಂಗೈ ಚಾಚಿದಳು. ನಾನು ಒಂದೊಂದಾಗಿ ಚಪ್ಪಟೆ ಬೀಜವನ್ನು ತೆಗೆದು ಗಟ್ಟಿ ಬೀಜವನ್ನು ಇಟ್ಟೆ. ಮೂರನ್ನು ಬದಲಿಸಿದೆ. ನಾಲ್ಕನೆಯದಕ್ಕೆ ಕೈ ಬರಲಿಲ್ಲ.